ಮೊನಾಪಲಿ ಮೂರು ಗಂಟೆಯಾದರೂ ಮುಗಿಯೋದಿಲ್ಲ: ನಿಯಮ ತಪ್ಪೋ, ಆಡೋ ರೀತಿ ತಪ್ಪೋ?

ದಾಳಗಾರ (ಪ್ರಶ್ನೆ)

ನಾಲ್ಕು ಜನ ಕೂತು ಮೊನಾಪಲಿ ಆಡುತ್ತೇವೆ. ಮೊದಲ ಅರ್ಧ ಗಂಟೆ ಚೆನ್ನಾಗಿರುತ್ತೆ, ಆಮೇಲೆ ಸುಮ್ಮನೆ ಸುತ್ತೋದೇ ಕೆಲಸ. ಯಾರೂ ಸೋಲೋದಿಲ್ಲ, ಯಾರೂ ಗೆಲ್ಲೋದಿಲ್ಲ. ನಮ್ಮಲ್ಲಿ ನಡೆಯೋ ಪದ್ಧತಿ ಇದು: ತೆರಿಗೆ, ದಂಡ ಎಲ್ಲ ಬೋರ್ಡಿನ ನಡುವೆ ಇಡ್ತೀವಿ, ಫ್ರೀ ಪಾರ್ಕಿಂಗ್ ಮೇಲೆ ನಿಂತವರಿಗೆ ಅದು ಪೂರ್ತಿ. ಶುರುವಿನ ಮೂಲೆ ‘ಗೋ’ ಮೇಲೆ ಸರಿಯಾಗಿ ನಿಂತರೆ 200ರ ಬದಲು 400. ಒಬ್ಬರು ಸೈಟು ಬೇಡ ಅಂದರೆ ಅದು ಹಾಗೇ ಖಾಲಿ ಉಳಿಯುತ್ತೆ. ದುಡ್ಡು ಮುಗಿದವರಿಗೆ ಪಕ್ಕದವರು ಸಾಲ ಕೊಡ್ತಾರೆ.

ಇದರಲ್ಲಿ ಯಾವುದು ನಿಜವಾದ ನಿಯಮ? ಯಾವ ಬಣ್ಣದ ಸೆಟ್ ಹಿಡಿದರೆ ಲಾಭ? ಇನ್ನೊಂದು, ಇದನ್ನ ಕಂಡುಹಿಡಿದದ್ದು ಚಾರ್ಲ್ಸ್ ಡ್ಯಾರೋ ಅನ್ನೋರು ಅಂತ ಓದಿದ್ದೆ, ಈಗ ಒಬ್ಬ ಮಹಿಳೆ ಅಂತಾರೆ. ಯಾವುದು ಸರಿ?

ಕವಡೆಕಾಯಿ

ತಂತ್ರ ಆಮೇಲೆ. ನೀವು ಬರೆದ ನಾಲ್ಕರಲ್ಲಿ ಒಂದೂ ಡಬ್ಬಿಯೊಳಗಿನ ಹಾಳೆಯಲ್ಲಿಲ್ಲ, ಮತ್ತು ನಾಲ್ಕೂ ಆಟವನ್ನು ಎಳೆಯುವಂಥವೇ. ಈ ಆಟ ಮುಗಿಯೋದು ಒಬ್ಬರನ್ನು ಬಿಟ್ಟು ಉಳಿದವರ ಕೈ ಖಾಲಿಯಾದಾಗ. ಬ್ಯಾಂಕಿಗೆ ಹೋಗಬೇಕಾದ ದುಡ್ಡನ್ನು ಫ್ರೀ ಪಾರ್ಕಿಂಗ್ ನೆಪದಲ್ಲಿ ವಾಪಸ್ ಸುರಿದರೆ ದಿವಾಳಿ ಆಗಬೇಕಾದವನು ಮತ್ತೆ ಎದ್ದು ಕೂರುತ್ತಾನೆ. ಫ್ರೀ ಪಾರ್ಕಿಂಗ್‌ನಲ್ಲಿ ಏನೂ ಸಿಗೋದಿಲ್ಲ, ಏನೂ ಕೊಡಬೇಕಿಲ್ಲ, ಅಷ್ಟೇ. ಗೋ ದಾಟಿದರೂ ಅದರ ಮೇಲೆ ನಿಂತರೂ 200. ಆಟಗಾರರ ನಡುವೆ ಸಾಲ ನಿಷಿದ್ಧ. ದುಡ್ಡು ಬೇಕಾದರೆ ಸೈಟು ಬ್ಯಾಂಕಿಗೆ ಅಡವಿಡಿ, ಇಲ್ಲವೇ ಮಾರಿ.

ಎಲ್ಲಕ್ಕಿಂತ ದೊಡ್ಡ ನಷ್ಟ ಹರಾಜು ಬಿಟ್ಟದ್ದು. ಬೋರ್ಡಿನ 40 ಚೌಕದಲ್ಲಿ ಕೊಳ್ಳುವಂಥವು 28: 22 ಸೈಟು, 4 ರೈಲ್ವೆ, ವಿದ್ಯುತ್ ಮತ್ತು ನೀರಿನ ಕಂಪನಿ 2. ಖಾಲಿ ಚೌಕದ ಮೇಲೆ ನಿಂತವನು ಬೇಡ ಅಂದರೆ ಬ್ಯಾಂಕು ಆಗಲೇ ಹರಾಜು ಕೂಗಬೇಕು. ಬೇಡ ಅಂದವನೂ ಕೂಗಬಹುದು, ಎಷ್ಟರಿಂದ ಬೇಕಾದರೂ ಶುರು ಮಾಡಬಹುದು. ಹೀಗೆ ಆಡಿದರೆ ಕೆಲವೇ ಸುತ್ತಿನಲ್ಲಿ ಎಲ್ಲ ಸೈಟಿಗೂ ಮಾಲೀಕರು ಸಿಗುತ್ತಾರೆ, ವಿನಿಮಯದ ಮಾತು ಶುರುವಾಗುತ್ತೆ. ನಿಮ್ಮ ಪದ್ಧತಿಯಲ್ಲಿ ಅರ್ಧ ಬೋರ್ಡು ಅನಾಥ. ಒಂದು ಬಣ್ಣದ ಎಲ್ಲ ಸೈಟೂ ಒಬ್ಬರ ಕೈಸೇರಿ ಸೆಟ್ ಆಗದೆ ಮನೆ ಇಲ್ಲ, ಮನೆ ಇಲ್ಲದೆ ಬಾಡಿಗೆ 14, 16, 20. ಗೋದಲ್ಲಿ ಪ್ರತಿ ಸುತ್ತಿಗೆ 200 ಬರುವಾಗ ಇಷ್ಟು ಬಾಡಿಗೆಗೆ ಯಾರು ಮುಳುಗುತ್ತಾರೆ?

ಹರಾಜೇ ಒಂದು ಆಯುಧ ಕೂಡ. ಉಳಿದವರ ಕೈಯಲ್ಲಿ ಐವತ್ತು ಅರವತ್ತು ಮಾತ್ರ ಇದ್ದಾಗ 140ರ ಗುಲಾಬಿ ಸೈಟಿನ ಮೇಲೆ ನಿಂತರೆ ಬೇಡ ಅನ್ನಿ. ಹರಾಜಿನಲ್ಲಿ 70ಕ್ಕೆ ನಿಮ್ಮದಾಗುತ್ತೆ. ಅದರ ಅಡವಿನ ಬೆಲೆಯೂ 70, ಹಾಗಾಗಿ ಕೈಸುಡುವ ಭಯವಿಲ್ಲ.

ಶುರುವಿನ ಹಣ ಪ್ರತಿಯೊಬ್ಬರಿಗೂ 1500. ಹಳೆಯ ಡಬ್ಬಿ ಆದರೆ 500ರ ನೋಟು 2, 100ರದು 2, 50ರದು 2, 20ರದು 6, 10, 5, 1ರವು ತಲಾ 5. ನಮ್ಮ ಕಡೆ ಸಿಗುವ ‘ಬಿಸಿನೆಸ್’ ಬೋರ್ಡಿನ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಅಲ್ಲಿ ಚಾನ್ಸ್ ಬಂದರೆ ದಾಳದ ಮೊತ್ತ ನೋಡಿ ಬೋರ್ಡಿನ ನಡುವಿನ ಪಟ್ಟಿ ಓದುತ್ತೇವೆ, ಕ್ಲಬ್, ರೆಸ್ಟ್ ಹೌಸ್ ಅಂತ ಬೇರೆಯೇ ಮೂಲೆಗಳಿವೆ. ಇಲ್ಲಿ ಚಾನ್ಸ್ 16, ಕಮ್ಯುನಿಟಿ ಚೆಸ್ಟ್ 16 ಕಾರ್ಡು. ತೆಗೆದು ಓದಿದ ಮೇಲೆ ಕಟ್ಟಿನ ಅಡಿಗೆ ಇಡಬೇಕು.

ಲೆಕ್ಕದಮೇಷ್ಟ್ರು

ಬಣ್ಣದ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಕಿತ್ತಳೆ. ಕಾರಣ ಜೈಲು.

ಇಡೀ ಬೋರ್ಡಿನಲ್ಲಿ ಕಾಯಿಗಳು ಹೆಚ್ಚು ಬಂದು ನಿಲ್ಲೋದು ಜೈಲಿನಲ್ಲಿ. ‘ಜೈಲಿಗೆ ಹೋಗು’ ಮೂಲೆ, ಎರಡೂ ಕಟ್ಟಿನ ಒಂದೊಂದು ಕಾರ್ಡು, ಸತತ ಮೂರು ಡಬಲ್ಸ್ (ಎರಡೂ ದಾಳದಲ್ಲಿ ಒಂದೇ ಅಂಕೆ), ಎಲ್ಲವೂ ಅಲ್ಲಿಗೇ ತಳ್ಳುತ್ತವೆ. ಜೈಲಿನಿಂದ ಕಿತ್ತಳೆ ಸೈಟುಗಳು 6, 8, 9 ಚೌಕ ದೂರ. ಎರಡು ದಾಳದ 36 ಸಾಧ್ಯತೆಯಲ್ಲಿ 6 ಬೀಳೋದು 5 ಬಗೆಯಲ್ಲಿ, 8 ಕೂಡ 5, 9 ಬೀಳೋದು 4. ಒಟ್ಟು 14. ಅಂದರೆ 50 ಕೊಟ್ಟು ಹೊರಬಂದವನು ಮೊದಲ ಎಸೆತದಲ್ಲೇ ನಿಮ್ಮ ಕಿತ್ತಳೆಗೆ ಬೀಳುವ ಸಂಭವ ಸುಮಾರು ಶೇ 39. ಸಾಲದ್ದಕ್ಕೆ, ಕೆಂಪು ಸಾಲಿನ ನಡುವಿನ ಚಾನ್ಸ್‌ನಲ್ಲಿ ‘ಮೂರು ಚೌಕ ಹಿಂದೆ’ ಕಾರ್ಡು ಬಂದರೆ ಕಾಯಿ ನಿಲ್ಲೋದು ಕಿತ್ತಳೆಯ ಮೂರನೇ ಸೈಟಿನ ಮೇಲೆ.

ಕೆಂಪು ಎರಡನೆಯದು. ಸೈಟುಗಳ ಪೈಕಿ ಹೆಚ್ಚು ಜನ ನಿಲ್ಲೋದು ಕೆಂಪಿನ ಮೂರನೆಯದರ ಮೇಲೆ (ಅಮೆರಿಕದ ಬೋರ್ಡಿನಲ್ಲಿ ಇಲಿನಾಯ್ ಅವೆನ್ಯೂ, ಲಂಡನ್ ಬೋರ್ಡಿನಲ್ಲಿ ಟ್ರಫಾಲ್ಗರ್ ಸ್ಕ್ವೇರ್), ಏಕೆಂದರೆ ಅಲ್ಲಿಗೇ ಕಳಿಸುವ ಒಂದು ಚಾನ್ಸ್ ಕಾರ್ಡಿದೆ. ಆದರೆ ಕೆಂಪಿನಲ್ಲಿ ಮನೆ ಒಂದಕ್ಕೆ 150, ಕಿತ್ತಳೆಯಲ್ಲಿ 100.

ಇನ್ನು ಮನೆ ಎಷ್ಟು ಕಟ್ಟಬೇಕು ಅನ್ನೋದು. ಕಿತ್ತಳೆಯ ಮೊದಲ ಸೈಟಿನ ಬಾಡಿಗೆ ನೋಡಿ: ಖಾಲಿ 14, ಒಂದು ಮನೆಗೆ 70, ಎರಡಕ್ಕೆ 200, ಮೂರಕ್ಕೆ 550, ನಾಲ್ಕಕ್ಕೆ 750, ಹೋಟೆಲ್‌ಗೆ 950. ಪ್ರತಿ ಮೆಟ್ಟಿಲಿಗೂ ಖರ್ಚು ಅದೇ 100. ಮೂರನೇ ಮನೆ ಬಾಡಿಗೆಗೆ 350 ಸೇರಿಸುತ್ತೆ, ನಾಲ್ಕನೆಯದು 200 ಮಾತ್ರ. ಸೆಟ್ ಕೈಸೇರಿದ ಮೇಲೆ ಗುರಿ ಒಂದೇ, ಮೂರು ಸೈಟಿಗೂ ಮೂರು ಮೂರು ಮನೆ. ಅದಕ್ಕಾಗಿ ಒಂಟಿ ಸೈಟು, ರೈಲ್ವೆ, ವಿದ್ಯುತ್ ಕಂಪನಿ ಎಲ್ಲ ಅಡವಿಟ್ಟರೂ ತಪ್ಪಿಲ್ಲ. ಅಡವಿಗೆ ಅರ್ಧ ಬೆಲೆ ಸಿಗುತ್ತೆ, ಬಿಡಿಸಿಕೊಳ್ಳುವಾಗ ಶೇ 10 ಹೆಚ್ಚು: 200ರ ರೈಲ್ವೆಗೆ 100 ಪಡೆದು 110 ಕಟ್ಟುತ್ತೀರಿ. ಒಂದು ಎಚ್ಚರಿಕೆ, ಸೆಟ್‌ನ ಒಂದು ಸೈಟು ಅಡವಿನಲ್ಲಿದ್ದರೂ ಆ ಬಣ್ಣದಲ್ಲಿ ಮನೆ ಕಟ್ಟುವಂತಿಲ್ಲ.

ಕಟ್ಟುವ ಹೊತ್ತೂ ಮುಖ್ಯ. ನಿಮ್ಮ ಸರದಿ ಬರಲಿ ಅಂತ ಕಾಯಬೇಕಿಲ್ಲ, ಬೇರೆಯವರ ಸರದಿಗಳ ನಡುವೆಯೂ ಕೊಳ್ಳಬಹುದು. ಎದುರಾಳಿ ನಿಮ್ಮ ಸೆಟ್‌ಗೆ ಆರರಿಂದ ಒಂಬತ್ತು ಚೌಕ ಹಿಂದೆ ಬಂದು ನಿಂತಾಗ ದುಡ್ಡು ಬಿಚ್ಚಿ. ನೀವೇ ಇನ್ನೊಬ್ಬರ ಹೋಟೆಲ್ ಸಾಲಿನ ಮುಂದೆ ನಿಂತಿದ್ದರೆ ಆ ಸಾಲು ದಾಟುವವರೆಗೆ ತಡೆಯಿರಿ. ಇಲ್ಲದಿದ್ದರೆ 100ಕ್ಕೆ ಕೊಂಡ ಮನೆಯನ್ನು ಬ್ಯಾಂಕಿಗೆ 50ಕ್ಕೆ ಮಾರಬೇಕಾಗುತ್ತೆ.

ತಿಳಿನೀಲಿಪಕ್ಷ

ಮೇಷ್ಟ್ರ ಲೆಕ್ಕ ಸರಿ, ಆದರೆ ಕೈಯಲ್ಲಿ ದುಡ್ಡಿದ್ದಾಗ ಮಾತ್ರ. ಎಲ್ಲರೂ ಕಿತ್ತಳೆ ಕಿತ್ತಳೆ ಅಂತ ಓಡೋದು ನೋಡಿ ನಗು ಬರುತ್ತೆ.

ಒಂದು ವಿನಿಮಯ ಹಾಕಿ ನೋಡಿ. ನಿಮ್ಮ ಹತ್ತಿರ ಎರಡು ಕಿತ್ತಳೆ, ಒಂದು ತಿಳಿನೀಲಿ. ಎದುರಿನವನ ಹತ್ತಿರ ಎರಡು ತಿಳಿನೀಲಿ, ಒಂದು ಕಿತ್ತಳೆ. ಒಂದಕ್ಕೊಂದು ಬದಲಾಯಿಸಿದಿರಿ, ಇಬ್ಬರಿಗೂ ಸೆಟ್ ಆಯಿತು. ಇಬ್ಬರ ಕೈಯಲ್ಲೂ 600 ಇದೆ ಅನ್ನಿ. ನೀವು ಕಿತ್ತಳೆಗೆ ಆರು ಮನೆ ಹಾಕುತ್ತೀರಿ, ಸೈಟಿಗೆ ಎರಡು, ಬಾಡಿಗೆ 200, 200, 220. ಅವನು ಅದೇ 600ಕ್ಕೆ 50ರಂತೆ ಹನ್ನೆರಡು ಮನೆ ಹಾಕುತ್ತಾನೆ, ಸೈಟಿಗೆ ನಾಲ್ಕು, ಬಾಡಿಗೆ 400, 400, 450. ನೀವು ಒಮ್ಮೆ ಅಲ್ಲಿ ಕಾಲಿಟ್ಟರೆ ಕಟ್ಟಿದ ಮನೆಗಳನ್ನೇ ಅರ್ಧ ಬೆಲೆಗೆ ಕಿತ್ತು ಕೊಡಬೇಕು. ಇಂಥ ವ್ಯವಹಾರದಲ್ಲಿ ಸೈಟಿನ ಜೊತೆ 250, 300 ನಗದು ಕೇಳದೆ ಒಪ್ಪಬಾರದು. ಇಬ್ಬರ ಹತ್ತಿರವೂ 1000 ಮೀರಿ ಇದ್ದರೆ ಮಾತು ಬೇರೆ, ಆಗ ಕಿತ್ತಳೆಯೇ ಮೇಲು. ಸೈಟಿನ ಬೆಲೆ ಕಾರ್ಡಿನ ಮೇಲೆ ಇರೋದಲ್ಲ, ಕಟ್ಟಲು ಉಳಿದ ನಗದಿನಲ್ಲಿ ಇರೋದು.

ಗಾಢನೀಲಿಗೆ ಮರುಳಾಗಬೇಡಿ. ಹೋಟೆಲ್ ಬಾಡಿಗೆ 2000 ಅಂತ ಕಣ್ಣು ಕುಕ್ಕುತ್ತೆ, ಆದರೆ ಇರೋದು ಎರಡೇ ಸೈಟು, ಮನೆಗೆ 200. ಜೈಲಿಗೆ ತಳ್ಳುವ ಮೂಲೆ ಅವಕ್ಕಿಂತ ಮುಂಚೆಯೇ ಇರೋದರಿಂದ ಎಷ್ಟೋ ಜನ ಅಲ್ಲಿಯವರೆಗೆ ಬರೋದೇ ಇಲ್ಲ. ನೀರು, ವಿದ್ಯುತ್ ಕಂಪನಿ ಎರಡೂ ಸೇರಿ 300 ಕೊಟ್ಟರೆ ದಾಳದ ಹತ್ತು ಪಟ್ಟು, ಸರಾಸರಿ 70. ವಿನಿಮಯದಲ್ಲಿ ತೂಕಕ್ಕೆ ಹಾಕಲು ಪರವಾಗಿಲ್ಲ. ರೈಲ್ವೆ ನಾಲ್ಕೂ ಸಿಕ್ಕರೆ ಪ್ರತಿಯೊಂದಕ್ಕೂ 200 ಬಾಡಿಗೆ, ಆಟದ ಮೊದಲರ್ಧಕ್ಕೆ ಅದು ಒಳ್ಳೆ ಸಂಬಳ. ಆಮೇಲೆ ಬೆಳೆಯೋದಿಲ್ಲ.

ದಾಳಗಾರ

ಹರಾಜು ಇನ್ನು ಬಿಡೋದಿಲ್ಲ. ಎರಡು ಅನುಮಾನ. ಜೈಲಿನಲ್ಲಿ ಕೂರೋದು ಒಳ್ಳೆಯದೋ, ಹೊರಬರೋದು ಒಳ್ಳೆಯದೋ? ಬ್ಯಾಂಕಿನಲ್ಲಿ ಮನೆ ಮುಗಿದರೆ ಅದರ ಬದಲು ಚೀಟಿ ಇಟ್ಟು ಆಡಬಹುದಾ?

ಕವಡೆಕಾಯಿ

ಚೀಟಿ ಇಡಬೇಡಿ! ಅಲ್ಲೇ ಆಟದ ಸ್ವಾರಸ್ಯ ಇರೋದು. ಡಬ್ಬಿಯಲ್ಲಿ ಮನೆ 32, ಹೋಟೆಲ್ 12, ಅಷ್ಟೇ. ಮನೆ ಮುಗಿದರೆ ಯಾರಾದರೂ ವಾಪಸ್ ಮಾಡುವವರೆಗೆ ಯಾರೂ ಕಟ್ಟುವಂತಿಲ್ಲ. ಕೆಲವೇ ಮನೆ ಉಳಿದು ಇಬ್ಬರು ಕೇಳಿದರೆ ಒಂದೊಂದೇ ಹರಾಜು.

ಈಗ ಲೆಕ್ಕ ಹಾಕಿ. ನಿಮ್ಮ ಹತ್ತಿರ ತಿಳಿನೀಲಿ, ಕಿತ್ತಳೆ ಎರಡೂ ಸೆಟ್ ಇವೆ. ಆರು ಸೈಟಿಗೂ ನಾಲ್ಕು ಮನೆ ಹಾಕಿದರೆ 24 ಹೋಯಿತು, ಉಳಿದ ಮೂವರಿಗೆ ಸೇರಿ 8. ನೀವು ಹೋಟೆಲ್‌ಗೆ ಏರಿದರೆ ಆ 24 ಮನೆ ಬ್ಯಾಂಕಿಗೆ ವಾಪಸ್, ಎದುರಾಳಿಗಳಿಗೆ ಹಬ್ಬ. ಅದಕ್ಕೇ ಬಲ್ಲವರು ನಾಲ್ಕು ಮನೆಯಲ್ಲಿ ನಿಂತುಬಿಡುತ್ತಾರೆ. ಮನೆ ದಾಟಿ ನೇರ ಹೋಟೆಲ್ ಕೊಳ್ಳುವ ದಾರಿಯೂ ಇಲ್ಲ: ಸೆಟ್‌ನ ಎಲ್ಲ ಸೈಟಿನಲ್ಲೂ ನಾಲ್ಕು ಮನೆ ನಿಂತ ಮೇಲೆಯೇ ಹೋಟೆಲ್.

ಹೋಟೆಲ್ ಇರುವವರಿಗೂ ಇದರ ಬಿಸಿ ತಟ್ಟುತ್ತೆ. ಬಾಡಿಗೆ ಕಟ್ಟಲು ಹೋಟೆಲ್ ಇಳಿಸಬೇಕಾದಾಗ ಬ್ಯಾಂಕಿನಲ್ಲಿ ಬದಲಿಗೆ ಕೊಡಲು ಮನೆ ಇಲ್ಲದಿದ್ದರೆ ಒಂದು ಮೆಟ್ಟಿಲು ಇಳಿಯೋದಕ್ಕಾಗದು. ಸಿಗುವ ಮನೆಗೆ ತಕ್ಕಂತೆ ಇಡೀ ಬಣ್ಣವನ್ನೇ ಸಮನಾಗಿ ಕೆಳಗಿಳಿಸಬೇಕು, ಅದೂ ಅರ್ಧ ಬೆಲೆಗೆ.

ಜೈಲು: ಖಾಲಿ ಸೈಟುಗಳು ಉಳಿದಿರುವವರೆಗೆ 50 ಬಿಸಾಕಿ ಹೊರಬನ್ನಿ, ಕೂತ ಒಂದೊಂದು ಸರದಿಯೂ ಕೊಳ್ಳುವ ಅವಕಾಶದ ನಷ್ಟ. ಎದುರು ಸಾಲಿನಲ್ಲಿ ಮೂರು ಮೂರು ಮನೆ ಎದ್ದ ಮೇಲೆ ಒಳಗೇ ಆರಾಮ. ಜೈಲಿನಲ್ಲಿದ್ದರೂ ನಿಮ್ಮ ಬಾಡಿಗೆ ಬರುತ್ತಲೇ ಇರುತ್ತೆ, ಮನೆ ಕಟ್ಟಬಹುದು, ವಿನಿಮಯ ಮಾಡಬಹುದು. ಡಬಲ್ಸ್‌ಗೆ ಮೂರು ಅವಕಾಶ, ಮೂರರಲ್ಲಿ ಒಮ್ಮೆ ಬೀಳುವ ಸಂಭವ 216ರಲ್ಲಿ 91. ಮೂರನೆಯದೂ ಬೀಳದಿದ್ದರೆ 50 ಕಟ್ಟಿ ಅದೇ ಎಸೆತದಷ್ಟು ನಡೆಯಬೇಕು. ಡಬಲ್ಸ್ ಹಾಕಿ ಹೊರಬಂದವರಿಗೆ ಮಾತ್ರ ಇನ್ನೊಂದು ಎಸೆತ ಇಲ್ಲ, ಇದನ್ನ ತುಂಬ ಜನ ತಪ್ಪಾಗಿ ಆಡ್ತಾರೆ.

ಹಳೇಬೋರ್ಡು

ಯಾರೂ ಮುಟ್ಟದ ಮೂರನೇ ಪ್ರಶ್ನೆಗೆ ಬರ್ತೀನಿ. ಮಹಿಳೆ ಅನ್ನೋದೇ ಸರಿ. ಹೆಸರು ಎಲಿಜಬೆತ್ ಮ್ಯಾಗೀ, ಲಿಜ್ಜಿ ಅಂತ ಕರೀತಿದ್ದರು, ವೃತ್ತಿಯಿಂದ ಸ್ಟೆನೋಗ್ರಾಫರ್. ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’ ಹೆಸರಿನಲ್ಲಿ 1903ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ 1904ರ ಜನವರಿ 5ರಂದು ಪಡೆದರು. ಸುತ್ತಲೂ ಚೌಕ, ಕೊಳ್ಳುವ ಜಾಗ, ರೈಲ್ವೆ, ಜೈಲು, ಪಬ್ಲಿಕ್ ಪಾರ್ಕು ಎಲ್ಲ ಆಗಲೇ ಇತ್ತು. ಸುತ್ತು ಮುಗಿಸಿದರೆ 100 ಡಾಲರ್ ಕೂಲಿ, ಆ ಮೂಲೆಯಲ್ಲಿ ಭೂತಾಯಿಯ ಮೇಲೆ ದುಡಿದರೆ ಕೂಲಿ ಹುಟ್ಟುತ್ತದೆ ಅನ್ನೋ ಅರ್ಥದ ಬರಹ. ಜೈಲಿಗೆ ಕಳಿಸುವ ಮೂಲೆ ಲಂಡನ್ನಿನಲ್ಲಿ ಕೂತ ಒಬ್ಬ ಲಾರ್ಡ್‌ನ ಜಮೀನು. ಅಲ್ಲಿ ಕಾಲಿಟ್ಟದ್ದೇ ತಪ್ಪು.

ಮ್ಯಾಗೀ ಅವರು ಹೆನ್ರಿ ಜಾರ್ಜ್ ಎಂಬ ಚಿಂತಕನ ಅನುಯಾಯಿ. ಜಮೀನಿನ ಮೌಲ್ಯ ಸಮಾಜದಿಂದ ಹುಟ್ಟುವಂಥದ್ದು, ಹಾಗಾಗಿ ತೆರಿಗೆ ಅದರ ಮೇಲೊಂದೇ ಇರಲಿ ಅನ್ನೋದು ಅವನ ವಾದ. ಬಾಡಿಗೆ ಹೇಗೆ ಒಬ್ಬನ ಜೇಬಿಗೆ ಸೇರಿ ಉಳಿದವರನ್ನು ಬರಿಗೈ ಮಾಡುತ್ತೆ ಅಂತ ತೋರಿಸೋದಕ್ಕೇ ಆಟ ಮಾಡಿದ್ದು. ಬಾಡಿಗೆ ಸಾರ್ವಜನಿಕ ಖಜಾನೆಗೆ ಹೋಗುವ ಇನ್ನೊಂದು ನಿಯಮಾವಳಿಯನ್ನೂ ಬರೆದಿದ್ದರು. ಅದರಲ್ಲಿ ಅತಿ ಕಡಿಮೆ ಹಣದಿಂದ ಶುರು ಮಾಡಿದವನ ದುಡ್ಡು ಎರಡು ಪಟ್ಟಾದರೆ ಎಲ್ಲರೂ ಗೆದ್ದಂತೆ. ಜನಕ್ಕೆ ರುಚಿಸಿದ್ದು ಮೊದಲನೆಯದೇ.

ಆಟ ಬಾಯಿಂದ ಬಾಯಿಗೆ, ಕೈಯಿಂದ ಬರೆದ ಬೋರ್ಡುಗಳಲ್ಲಿ ಹರಡಿತು: ಡೆಲವೇರ್‌ನ ಆರ್ಡನ್ ಊರು, ವಿಶ್ವವಿದ್ಯಾಲಯಗಳು, ಕೊನೆಗೆ ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಮನೆಗಳು. ಬೋರ್ಡಿಗೆ ಅಲ್ಲಿನ ಬೀದಿಗಳ ಹೆಸರು ಬಂದದ್ದು ಆಗ. ಅಲ್ಲಿಂದ ಫಿಲಡೆಲ್ಫಿಯಾದ ಚಾರ್ಲ್ಸ್ ಟಾಡ್‌ಗೆ, ಟಾಡ್‌ರಿಂದ ಚಾರ್ಲ್ಸ್ ಡ್ಯಾರೋಗೆ. ಡ್ಯಾರೋ ಅದನ್ನು ತನ್ನದೇ ಅಂತ ಆಟಗಳ ಕಂಪನಿ ಪಾರ್ಕರ್ ಬ್ರದರ್ಸ್‌ಗೆ 1935ರಲ್ಲಿ ಮಾರಿದರು. ಟಾಡ್ ಬರೆದುಕೊಂಡಿದ್ದ ಒಂದು ಅಕ್ಷರದೋಷ ಇಂದಿಗೂ ಅಮೆರಿಕದ ಬೋರ್ಡಿನ ಮೇಲಿದೆ: ಬಡಾವಣೆಯ ಹೆಸರು ‘ಮಾರ್ವೆನ್ ಗಾರ್ಡನ್ಸ್’, ಬೋರ್ಡಿನಲ್ಲಿ ‘ಮಾರ್ವಿನ್’. ತಾನೇ ಕಂಡುಹಿಡಿದೆ ಅಂದವನ ಬೋರ್ಡಿನಲ್ಲಿ ಬೇರೆಯವನ ತಪ್ಪು ಹೇಗೆ ಬಂತು? 1995ರಲ್ಲಿ ಕಂಪನಿ ಆ ಬಡಾವಣೆಯವರ ಕ್ಷಮೆ ಕೇಳಿತು.

ಮ್ಯಾಗೀ ಅವರ ಪೇಟೆಂಟನ್ನು ಕಂಪನಿ 1935ರಲ್ಲೇ 500 ಡಾಲರ್‌ಗೆ ಕೊಂಡಿತು, ರಾಯಲ್ಟಿ ಇಲ್ಲ. ಬಹುಕಾಲ ಡಬ್ಬಿಯಲ್ಲಿ ಡ್ಯಾರೋ ಕಥೆಯೇ ಓಡಿತು. ಬಯಲಿಗೆ ಬಂದದ್ದು ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರ ಪ್ರಾಧ್ಯಾಪಕರು ‘ಆ್ಯಂಟಿ ಮೊನಾಪಲಿ’ ಆಟ ಹೊರತಂದು, ಹೆಸರಿನ ಹಕ್ಕಿನ ಮೊಕದ್ದಮೆಗಾಗಿ ಹಳೆಯ ಆಟಗಾರರನ್ನು ಹುಡುಕಿ ಸಾಕ್ಷಿ ಹೇಳಿಸಿದಾಗ. ಮೇಲ್ಮನವಿ ನ್ಯಾಯಾಲಯದ ತೀರ್ಪು ಅವರ ಪರ ಬಂತು, 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

ಹಿಂದೆ ಬಿದ್ದವನು ಏಳೋದೇ ಇಲ್ಲ ಅನ್ನೋ ದೂರು ಈ ಆಟದ ಬಗ್ಗೆ ಸದಾ ಇದ್ದದ್ದೇ. ಮ್ಯಾಗೀ ಅವರಿಗೆ ತೋರಿಸಬೇಕಿದ್ದದ್ದೂ ಅದನ್ನೇ.

ದಾಳಗಾರ

ಕೊನೆಯದು. ಒಬ್ಬರು ದಿವಾಳಿಯಾದರೆ ಅವರ ಸೈಟು ಎಲ್ಲ ಬ್ಯಾಂಕಿಗಾ?

ಲೆಕ್ಕದಮೇಷ್ಟ್ರು

ಯಾರಿಗೆ ಬಾಕಿ ಅನ್ನೋದರ ಮೇಲೆ. ತೆರಿಗೆಯೋ ಕಾರ್ಡಿನ ದಂಡವೋ ಕಟ್ಟಲಾಗದೆ ಮುಳುಗಿದರೆ ಸೈಟುಗಳು ಬ್ಯಾಂಕಿಗೆ, ಅಲ್ಲಿಂದ ಕೂಡಲೇ ಒಂದೊಂದಾಗಿ ಹರಾಜಿಗೆ. ಆಟಗಾರನ ಬಾಡಿಗೆ ಕಟ್ಟಲಾಗದಿದ್ದರೆ ಮನೆ, ಹೋಟೆಲ್ ಅರ್ಧ ಬೆಲೆಗೆ ಬ್ಯಾಂಕಿಗೆ ಮಾರಿ, ಆ ನಗದು, ಸೈಟು, ಜೈಲು ಬಿಡುಗಡೆ ಕಾರ್ಡು ಎಲ್ಲ ಆ ಆಟಗಾರನಿಗೆ. ಅಡವಿನಲ್ಲಿರುವ ಸೈಟು ಬಂದರೆ ಹೊಸ ಮಾಲೀಕ ಶೇ 10 ಬಡ್ಡಿಯನ್ನು ಅಲ್ಲೇ ಬ್ಯಾಂಕಿಗೆ ಕಟ್ಟಬೇಕು. ಆಗಲೇ ಬಿಡಿಸಿಕೊಳ್ಳದಿದ್ದರೆ ಮುಂದೆ ಬಿಡಿಸುವಾಗ ಮತ್ತೊಮ್ಮೆ ಶೇ 10. ಕೈಯಲ್ಲಿ ನಗದಿಲ್ಲದವನಿಗೆ ಎಂಟು ಹತ್ತು ಅಡವಿನ ಸೈಟು ಒಟ್ಟಿಗೆ ಬಂದು ಬಿದ್ದರೆ ಈ ಬಡ್ಡಿಯೇ 70, 80 ದಾಟುತ್ತೆ, ಅದನ್ನೂ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.