ಸಭೆಯ ನಡುವೆ ಮಾಡುವ ‘ರಿಕ್ವೆಸ್ಟ್’ಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟದ ವಾರ್ಷಿಕ ಸಭೆ ‘ರಾಬರ್ಟ್ಸ್ ರೂಲ್ಸ್’ ಪ್ರಕಾರ ನಡೆಯುತ್ತದೆ. ಅಲ್ಲಿನ ಸೇನೆಯ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಪ್ರಕಟಿಸಿದ ಈ ನಿಯಮಾವಳಿಯನ್ನು ಹಿರಿಯ ಸದಸ್ಯರ ಅನುಕೂಲಕ್ಕಾಗಿ ಕನ್ನಡದಲ್ಲಿ ಸಂಗ್ರಹಿಸಲು ಹೊರಟಾಗ ಎದುರಾದ ತೊಡಕನ್ನು ತಮ್ಮ ಮುಂದಿಡುತ್ತಿದ್ದೇನೆ.

‘ಪಾಯಿಂಟ್ ಆಫ್ ಆರ್ಡರ್’ಗೆ ಚಿಂತೆಯಿಲ್ಲ. ಕರ್ನಾಟಕದ ವಿಧಾನಮಂಡಲದಲ್ಲಿ ಬಳಕೆಯಲ್ಲಿರುವ ‘ಕ್ರಿಯಾಲೋಪ’ ಎಂಬ ಪದ ನಡವಳಿಯಲ್ಲಿ ಲೋಪವಾಗಿದೆ ಎಂಬುದನ್ನು ತಾನೇ ಹೇಳುತ್ತದೆ. ಮೂಲಕ್ಕಿಂತ ಅದೇ ಸ್ಪಷ್ಟವೆಂದು ನನ್ನ ಭಾವನೆ. ಆದರೆ ಲೋಪವನ್ನು ಎತ್ತಿ ತೋರಿಸದೆ, ‘ಈಗ ತಿದ್ದುಪಡಿ ಸೂಚಿಸಬಹುದೇ?’ ಎಂದಷ್ಟೇ ಅಧ್ಯಕ್ಷರನ್ನು ಕೇಳುವ ‘ಪಾರ್ಲಿಮೆಂಟರಿ ಎನ್‌ಕ್ವೈರಿ’ಗೆ ‘ವಿಚಾರಣೆ’ ಎಂದರೆ ನ್ಯಾಯಾಲಯದ ನೆನಪಾಗುತ್ತದೆ. ಅಲ್ಲಿ ಅಧ್ಯಕ್ಷರು ಕೊಡುವುದು ಅಭಿಪ್ರಾಯವೇ ಹೊರತು ತೀರ್ಪಲ್ಲ. ಅದಕ್ಕೆ ಮೇಲ್ಮನವಿಯೂ ಇಲ್ಲ. ಸದ್ಯಕ್ಕೆ ‘ನಿಯಮಪ್ರಶ್ನೆ’ ಎಂದು ಬರೆದುಕೊಂಡಿದ್ದೇನೆ.

ಹೆಚ್ಚು ಕಾಡುತ್ತಿರುವುದು ‘ಪಾಯಿಂಟ್ ಆಫ್ ಇನ್ಫರ್ಮೇಶನ್’. ಮಾಹಿತಿ ಕೇಳಲು ಇರುವ ಈ ಅವಕಾಶವನ್ನು ಮಾಹಿತಿ ಕೊಡಲು ಇರುವುದೆಂದು ಭಾವಿಸಿ ಭಾಷಣ ಮಾಡುವವರು ಎಲ್ಲೆಡೆ ಇದ್ದಾರೆ. ಈ ಗೊಂದಲದಿಂದಲೇ ನಿಯಮಾವಳಿಯ 2011ರ 11ನೇ ಆವೃತ್ತಿ ‘ರಿಕ್ವೆಸ್ಟ್ ಫಾರ್ ಇನ್ಫರ್ಮೇಶನ್’ ಎಂಬ ಹೆಸರಿಗೆ ಆದ್ಯತೆ ಕೊಟ್ಟಿತು. ನಮ್ಮ ‘ಸ್ಪಷ್ಟೀಕರಣ’ದಲ್ಲಿಯೂ ಇದೇ ದೋಷವಿದೆ: ಸದಸ್ಯರು ಕೇಳುವುದೂ ಸ್ಪಷ್ಟೀಕರಣ, ಸಚಿವರು ಕೊಡುವುದೂ ಸ್ಪಷ್ಟೀಕರಣ. ಹಾಗಾಗಿ ‘ಮಾಹಿತಿ ಕೋರಿಕೆ’ ಎಂಬುದನ್ನು ಆರಿಸಿದ್ದೇನೆ. ‘ರಿಕ್ವೆಸ್ಟ್’ಗೆ ‘ಮನವಿ’ ಎಂದೊಡನೆ ಕಚೇರಿಗೆ ಸಲ್ಲಿಸುವ ಪತ್ರ ಕಣ್ಣೆದುರು ಬರುತ್ತದೆ. ‘ವಿನಂತಿ’ಯಲ್ಲಿ ಬೇಡುವ ಭಾವವಿದೆ, ಮಾಹಿತಿ ಕೇಳುವವರಾದರೋ ಯಾರನ್ನೂ ಬೇಡಬೇಕಾಗಿಲ್ಲ.

ಆದರೆ ಪ್ರಸ್ತಾವವನ್ನು ಹಿಂತೆಗೆದುಕೊಳ್ಳುವ ಸಂದರ್ಭ ಬೇರೆ. ಅಧ್ಯಕ್ಷರು ಅದನ್ನು ಸಭೆಯ ಮುಂದೆ ಓದಿಹೇಳುವವರೆಗೆ ಮಂಡಿಸಿದವರು ತಾವಾಗಿಯೇ ಹಿಂತೆಗೆದುಕೊಳ್ಳಬಹುದು. ಆಮೇಲೆ ಅದು ಸಭೆಯ ಸೊತ್ತಾಗುವುದರಿಂದ ಅನುಮತಿ ಬೇಡಲೇಬೇಕು. ಇದಕ್ಕೂ ‘ಕೋರಿಕೆ’ಯೇ ಸಾಕೇ, ಅಥವಾ ‘ಅನುಮತಿ ಕೋರಿಕೆ’ ಎಂದು ಬಿಡಿಸಿ ಹೇಳಬೇಕೇ?

ಇನ್ನೊಂದು ಪ್ರಶ್ನೆ. ಹಿಂದೆ ಕುಳಿತವರು ‘ಮಾತು ಕೇಳಿಸುತ್ತಿಲ್ಲ’ ಎಂದು ಎದ್ದುನಿಂತರೆ ಅದು ಈ ನಿಯಮಗಳಲ್ಲಿ ‘ಕ್ವೆಶ್ಚನ್ ಆಫ್ ಪ್ರಿವಿಲೇಜ್’. ಪತ್ರಿಕೆಗಳಿಂದ ನಮಗೆ ಪರಿಚಿತವಾದ ‘ಹಕ್ಕುಚ್ಯುತಿ’ ಇದಕ್ಕೆ ಒಗ್ಗದು, ಏಕೆಂದರೆ ಅದರಲ್ಲಿ ಯಾರದೋ ಮೇಲಿನ ಆರೋಪ ಅಡಗಿದೆ. ಆರೋಪದ ಸೋಂಕಿಲ್ಲದ ಪದವೊಂದು ತಮ್ಮ ಕಡೆಯ ಸಂಘ, ಸಹಕಾರಿ ಸಭೆಗಳಲ್ಲಿ ರೂಢಿಯಲ್ಲಿದ್ದರೆ ದಯವಿಟ್ಟು ತಿಳಿಸಬೇಕು.