ಬಿಳಿ ಕಾಯಿ ಸಿಕ್ಕಾಗಲೇ ಹೆಚ್ಚು ಸೋಲುತ್ತಿದ್ದೇನೆ, ಓಪನಿಂಗ್ ಬದಲಿಸಬೇಕೆ?

ಪ್ರಶ್ನೆ: ಮಂಡ್ಯದ ಆಟಗಾರ

ಎಲ್ಲರಿಗೂ ನಮಸ್ಕಾರ. ಬಾಲ್ಯದಲ್ಲಿ ಮನೆಯ ಜಗಲಿಯ ಮೇಲೆ ಕಲಿತು ಬಿಟ್ಟಿದ್ದ ಚದುರಂಗವನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದಿದ್ದೇನೆ. ಎರಡು ವರ್ಷಗಳಿಂದ, ಬಿಡುವಿದ್ದ ಭಾನುವಾರಗಳಂದು ಬೆಳಗಿನ ರೈಲಿನಲ್ಲಿ ಮೈಸೂರಿಗೆ ಹೋಗಿ ಪಂದ್ಯಗಳಲ್ಲಿ ಆಡುತ್ತಿದ್ದೇನೆ. ಕಪ್ಪು ಕಾಯಿ ಬಂದಾಗ ಆಡುವಷ್ಟು ಚೆನ್ನಾಗಿ ಬಿಳಿ ಕಾಯಿಯಲ್ಲಿ ಆಡಲಾಗುತ್ತಿಲ್ಲ ಎಂಬುದೇ ನನ್ನ ಸಮಸ್ಯೆ. ಡ್ರಾ ಆದ ಆಟವನ್ನು ಅರ್ಧ ಅಂಕವೆಂದು ಹಿಡಿದರೆ, ದಾಖಲಾದ ಆಟಗಳಲ್ಲಿ ಬಿಳಿಗೆ ನೂರಕ್ಕೆ 54ರ ಆಸುಪಾಸಿನ ಅಂಕ ಬರುತ್ತದೆ. ನನ್ನ ಲೆಕ್ಕ ಇದಕ್ಕೆ ತೀರ ವಿರುದ್ಧವಾಗಿದೆ.

ನಾನು ಆಡುವ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಲಂಡನ್ ಸಿಸ್ಟಮ್. ಎದುರಾಳಿ ಏನೇ ಆಡಲಿ, ಪೇದೆ ಡಿ4 (ಅಕ್ಷರ ಹಲಗೆಯ ಉದ್ದಸಾಲು, ಅಂಕಿ ಅಡ್ಡಸಾಲು), ಒಂಟೆ ಎಫ್4, ಆಮೇಲೆ ಇ3, ಸಿ3, ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರಪಡಿಸುವುದು). ಮೊದಲ ಹತ್ತು ನಡೆಗಳಿಗೆ ಎರಡು ನಿಮಿಷವೂ ಬೇಕಾಗುವುದಿಲ್ಲ. ಅಲ್ಲಿಂದ ಮುಂದೆ ದಾರಿ ತೋಚದೆ, ಅಪಾಯವೇಕೆಂದು ಕಾಯಿಗಳನ್ನು ಒಂದೊಂದಾಗಿ ಹೊಡೆದು ಹೊಡೆಸಿಕೊಂಡು ಆಟವನ್ನು ಹಗುರ ಮಾಡುತ್ತೇನೆ. ಮೂವತ್ತನೆಯ ನಡೆಯ ಹೊತ್ತಿಗೆ ಒತ್ತಡದಲ್ಲಿರುವವನು ನಾನೇ ಆಗಿರುತ್ತೇನೆ. ಓಪನಿಂಗನ್ನೇ ಬದಲಿಸಬೇಕೆ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಸರಸ್ವತಿಪುರಂ, ಮೈಸೂರು

ಬದಲಿಸಬೇಡಿ ಸರ್. ನಿಮ್ಮ ತೊಂದರೆ ಲಂಡನ್ನಿನದಲ್ಲ. "ಎದುರಾಳಿ ಏನೇ ಆಡಲಿ" ಎಂದು ನೀವೇ ಬರೆದಿರುವ ಮಾತಿನಲ್ಲಿ ಅದು ಕುಳಿತಿದೆ. ಕಪ್ಪಿನಲ್ಲಿ ಕುಳಿತಾಗ ಎದುರಿನವರ ಪ್ರತಿ ನಡೆಯನ್ನೂ ಅನುಮಾನದಿಂದ ನೋಡುತ್ತೀರಿ, ಆದ್ದರಿಂದ ಚೆನ್ನಾಗಿ ಆಡುತ್ತೀರಿ. ಬಿಳಿಯಲ್ಲಿ ಆ ನೋಟವನ್ನು ಹತ್ತು ನಡೆಗಳ ಕಾಲ ಮುಚ್ಚಿಬಿಡುತ್ತೀರಿ. ಬಿಳಿಗಿರುವ ಲಾಭವೆಂದರೆ ಒಂದೇ ಒಂದು ನಡೆಯ ಮುನ್ನಡೆ. ಸುಮ್ಮನೆ ಆಡಿದ ಎರಡು ನಡೆಗಳಲ್ಲಿ ಅದು ಕರಗಿಹೋಗುತ್ತದೆ.

ಒಂದು ಉದಾಹರಣೆಯನ್ನು ಹಲಗೆಯ ಮೇಲೆ ಜೋಡಿಸಿ ನೋಡಿ (ಪ್ರತಿ ಜೋಡಿಯಲ್ಲಿ ಮೊದಲ ನಡೆ ಬಿಳಿಯದು, ಕಾಯಿಯ ಹೆಸರಿಲ್ಲದ್ದು ಪೇದೆಯ ನಡೆ). ಡಿ4 ಡಿ5, ಒಂಟೆ ಎಫ್4 ಕುದುರೆ ಎಫ್6, ಇ3 ಸಿ5, ಸಿ3 ಕುದುರೆ ಸಿ6, ಕುದುರೆ ಎಫ್3 ಮಂತ್ರಿ ಬಿ6. ನಿಮ್ಮ ಒಂಟೆ ಎಫ್4ಕ್ಕೆ ಹೋದದ್ದರಿಂದ ಬಿ2 ಪೇದೆಗೆ ಕಾವಲಿಲ್ಲ, ಕಪ್ಪಿನ ಮಂತ್ರಿಯ ಕಣ್ಣು ಅದರ ಮೇಲಿದೆ. ನೀವು ಮಂತ್ರಿಯನ್ನು ಬಿ3ಕ್ಕೆ ತಂದರೆ ಅವರು ಸಿ4 ಎಂದು ಪೇದೆ ತಳ್ಳುತ್ತಾರೆ. ಮಂತ್ರಿ ಸಿ2ಕ್ಕೆ ಸರಿದರೆ ಅವರ ಒಂಟೆ ಎಫ್5ಕ್ಕೆ ಬಂದು ಎದುರೇ ನಿಲ್ಲುತ್ತದೆ. ಪುಕ್ಕಟೆ ಸಿಕ್ಕಿತೆಂದು ಅದನ್ನು ಹೊಡೆದರೆ ಅವರ ಮಂತ್ರಿ ಬಿ2 ಪೇದೆಯನ್ನು ಹೊಡೆಯುತ್ತದೆ, ಎ1ರ ಆನೆಗೆ ಓಡಲು ಮನೆಯೇ ಇರುವುದಿಲ್ಲ. ಆದ್ದರಿಂದ ಮಂತ್ರಿಯನ್ನು ಸಿ1ಕ್ಕೆ ಹಿಂದೆಳೆಯಬೇಕು. ಕಣ್ಣು ಮುಚ್ಚಿ ಆಡುವ ಹತ್ತು ನಡೆಗಳೊಳಗೇ ಇಷ್ಟೆಲ್ಲ ನಡೆಯುತ್ತದೆ.

ಕಾಯಿ ಹೊಡೆದಾಟದ ಬಗ್ಗೆಯೂ ಒಂದು ಮಾತು. ಕಪ್ಪು ತನ್ನ ಒಂಟೆಯನ್ನು ಡಿ6ಕ್ಕೆ ತಂದ ಕೂಡಲೇ ನೀವು ಅದನ್ನು ಹೊಡೆಯುತ್ತಿರಬೇಕು ಎಂದು ನನ್ನ ಊಹೆ. ಹಾಗೆ ಹೊಡೆದಾಗ ಅವರ ಮಂತ್ರಿ ಖರ್ಚಿಲ್ಲದೆ ಡಿ6ಕ್ಕೆ ಬಂದು, ಇ5 ತಳ್ಳುವುದಕ್ಕೆ ಬೆಂಬಲವಾಗುತ್ತದೆ. ಅದರ ಬದಲು ನಿಮ್ಮ ಒಂಟೆಯನ್ನು ಜಿ3ಕ್ಕೆ ಸರಿಸಿ ಕಾಯಿರಿ. ಅವರೇ ಬಂದು ಹೊಡೆದರೆ ಎಚ್ ಪೇದೆಯಿಂದ ತಿರುಗಿ ಹೊಡೆಯಿರಿ. ನೀವಿನ್ನೂ ಕ್ಯಾಸ್ಲಿಂಗ್ ಮಾಡಿರದಿದ್ದರೆ ಎಚ್1ರ ಆನೆಗೆ ಇಡೀ ಸಾಲು ತೆರೆದುಕೊಳ್ಳುತ್ತದೆ. ಒಂದೇ ಹೊಡೆದಾಟದಲ್ಲಿ ಯಾರು ಮೊದಲು ಕೈ ಎತ್ತಿದರು ಎಂಬುದರ ಮೇಲೆ ಲಾಭ ಇತ್ತಲಿಂದತ್ತ ಹೋಗುತ್ತದೆ.

ಉತ್ತರ 2: ಮಂಡ್ಯ, ಸುಭಾಷ್ ನಗರ

ಮೇಲಿನ ಉತ್ತರದ ವಿಶ್ಲೇಷಣೆಯನ್ನು ಒಪ್ಪುತ್ತೇನೆ, ಸಲಹೆಯನ್ನು ಒಪ್ಪುವುದಿಲ್ಲ. ಅಭ್ಯಾಸ ಗಟ್ಟಿಯಾಗಿ ಕೂತಿರುವ ಓಪನಿಂಗಿನಲ್ಲಿ ಹೊಸದಾಗಿ ಯೋಚಿಸುವುದು ಬಹಳ ಕಷ್ಟ. ಒಂದು ವರ್ಷವಾದರೂ ಇ4 ಆಡಿ, ಕಪ್ಪು ಇ5 ಎಂದರೆ ಇಟಾಲಿಯನ್‌ಗೆ ಹೋಗಿ: ಕುದುರೆ ಎಫ್3, ಒಂಟೆ ಸಿ4, ಆಮೇಲೆ ಸಿ3, ಡಿ3. ಅಲ್ಲಿ ಸದ್ದಿಲ್ಲದ ತಯಾರಿಯೆಲ್ಲ ಮುಂದೊಂದು ದಿನ ಡಿ4 ತಳ್ಳುವುದಕ್ಕಾಗಿಯೇ ಇರುತ್ತದೆ, ಹಾಗಾಗಿ "ಮುಂದೇನು" ಎಂಬ ಪ್ರಶ್ನೆಗೆ ಆಟವೇ ಉತ್ತರ ಕೊಡುತ್ತದೆ. ಇ4ಕ್ಕೆ ಕಪ್ಪು ಆಡಬಹುದಾದ ಬೇರೆ ಓಪನಿಂಗ್‌ಗಳಾದ ಸಿಸಿಲಿಯನ್, ಫ್ರೆಂಚ್, ಕಾರೋ-ಕಾನ್ ಮೂರಕ್ಕೂ ಒಂದೊಂದು ಉತ್ತರ ಕಲಿಯಬೇಕಾಗುತ್ತದೆ, ನಿಜ. ಆ ಶ್ರಮ ವ್ಯರ್ಥವಲ್ಲ.

ಬಿಳಿಯಲ್ಲಿ ಆಟವನ್ನು ಹಗುರ ಮಾಡುತ್ತಾ ಹೋಗುವುದರ ಅಪಾಯಕ್ಕೆ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 14ನೆಯ ಆಟವನ್ನು ನೋಡಿ. ಬಿಳಿ ಕಾಯಿ ಡಿಂಗ್ ಲಿರೆನ್ ಅವರದಾಗಿತ್ತು, ಅಂಕ ಸಮವಾಗಿತ್ತು. ಅವರು ಮಂತ್ರಿಗಳನ್ನು ಬದಲಾಯಿಸಿಕೊಂಡು, ಒಂದು ಪೇದೆ ಕಡಿಮೆಯಾದ, ಆದರೆ ಉಳಿಸಿಕೊಳ್ಳಬಹುದಾದ ಆನೆ-ಒಂಟೆಗಳ ಅಂತ್ಯಕ್ಕೆ ಇಳಿದರು. 55ನೆಯ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ಇಟ್ಟದ್ದೇ ತಡ, ಗುಕೇಶ್ ಆನೆಯನ್ನೂ ಒಂಟೆಯನ್ನೂ ಬದಲಾಯಿಸಿಕೊಂಡು ಗೆಲ್ಲುವ ಪೇದೆ ಅಂತ್ಯವನ್ನು ಪಡೆದರು. ಕಪ್ಪಿನಲ್ಲಿ ಕುಳಿತಿದ್ದ ಹದಿನೆಂಟರ ಹುಡುಗ ಕಾಯಿ ಕಡಿಮೆಯಾದ ಮೇಲೂ ಬಿಡದೆ ಎದುರಾಳಿಗೆ ಸವಾಲು ಹಾಕುತ್ತಲೇ ಇದ್ದನಲ್ಲ, ಆ ಹಟ ನಮಗೆ ಬಿಳಿಯಲ್ಲಿ ಬೇಕು.

ಉತ್ತರ 3: ಮಕ್ಕಳಿಗೆ ಚದುರಂಗ ಕಲಿಸುವವಳು, ಮೈಸೂರು

ಓಪನಿಂಗ್ ಯಾವುದಾದರೂ ಇರಲಿ, ಕಾಯಿ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲೇ ಮನಸ್ಸಿನಲ್ಲಿ ನಡೆಸಿ ನೋಡುವ ಅಭ್ಯಾಸ ಬೇಕು. ನಮ್ಮ ಊರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯನ್ನು 64 ಮನೆಗಳಲ್ಲೂ ಒಮ್ಮೊಮ್ಮೆ ಮಾತ್ರ ಇಳಿಸುವ ನಡಿಗೆಗಳನ್ನು ರಚಿಸಿದವರು. ಅಷ್ಟು ದೊಡ್ಡದು ಬೇಡ. ಹಲಗೆ ನೋಡದೆ ಬಿ1ರ ಕುದುರೆಯನ್ನು ಜಿ3ಕ್ಕೆ ಮೂರು ನಡೆಗಳಲ್ಲಿ ತನ್ನಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಇಟಾಲಿಯನ್‌ನಲ್ಲಿ ಸಿ3 ಮತ್ತು ಇ4ರಲ್ಲಿ ನಮ್ಮದೇ ಪೇದೆಗಳಿರುವುದರಿಂದ ಡಿ2, ಎಫ್1, ಜಿ3 ಎಂಬ ದಾರಿಯೊಂದೇ ಉಳಿಯುತ್ತದೆ. ಕ್ಯಾಸ್ಲಿಂಗ್ ಆದ ಮೇಲೆ ಎಫ್1ರಲ್ಲಿ ಆನೆ ಕೂತಿರುತ್ತದೆ, ಆದ್ದರಿಂದ ಅದು ಮೊದಲು ಇ1ಕ್ಕೆ ಹೋಗಬೇಕು. ಇದನ್ನು ತಾನೇ ಕಂಡುಕೊಂಡ ಮಗು ಆ ನಡೆಗಳ ಕ್ರಮವನ್ನು ಮತ್ತೆ ಬಾಯಿಪಾಠ ಮಾಡುವುದಿಲ್ಲ.

ಪ್ರಶ್ನಿಸಿದವರು

ಮೂವರಿಗೂ ವಂದನೆಗಳು. ನಿನ್ನೆ ರಾತ್ರಿ ಹಳೆಯ ಸ್ಕೋರ್‌ಶೀಟ್‌ಗಳನ್ನೆಲ್ಲ ಹರಡಿಕೊಂಡು ಕುಳಿತೆ. ಮಂತ್ರಿ ಬಿ6ಕ್ಕೆ ಬಂದ ಆಟಗಳು ಎರಡು ಸಿಕ್ಕವು. ಎರಡರಲ್ಲೂ ಮಂತ್ರಿಯನ್ನು ಸಿ1ಕ್ಕೆ ಎಳೆದುಕೊಂಡೆ, ಆಮೇಲೆ ಸುಮ್ಮನೆ ಕಾದೆ. ಸದ್ಯಕ್ಕೆ ಲಂಡನ್ನಿನಲ್ಲೇ ಇರುತ್ತೇನೆ. ಸಿ1ರಿಂದ ಮುಂದಿನ ದಾರಿ ಯಾವುದು?

ಉತ್ತರ 1: ಸರಸ್ವತಿಪುರಂ, ಮೈಸೂರು

ಕಪ್ಪು ಸಿ4 ತಳ್ಳಿದಾಗ ಡಿ4ರ ಮೇಲಿನ ಒತ್ತಡವನ್ನು ತಾನೇ ಬಿಟ್ಟುಕೊಟ್ಟಿದೆ. ಬಿ1ರ ಕುದುರೆಯನ್ನು ಡಿ2ಕ್ಕೆ ತಂದು, ಕ್ಯಾಸ್ಲಿಂಗ್ ಮುಗಿಸಿ, ಬಿ3 ಎಂದು ಆ ಸಿ4 ಪೇದೆಯನ್ನು ಕೆಣಕಿ. ಇ4 ತಳ್ಳುವುದನ್ನು ಎಫ್5ರ ಒಂಟೆ ತಡೆಯುತ್ತಿದ್ದರೆ ಎಫ್3ರ ಕುದುರೆಯನ್ನು ಎಚ್4ಕ್ಕೆ ಕಳಿಸಿ ಅದನ್ನು ಎಬ್ಬಿಸಬಹುದು. ಆ ಎರಡು ಆಟಗಳ ನಡೆಗಳನ್ನು ಇಲ್ಲಿ ಹಾಕಿ, ಬಿ3 ಯಾವ ನಡೆಯಲ್ಲಿ ಸಾಧ್ಯವಿತ್ತೆಂದು ಒಟ್ಟಿಗೆ ನೋಡೋಣ.