ಬೆಟಗೇರಿ ಮನೆ ಗುಂಪಿನಲ್ಲಿ ಟ್ಯುಲಿಪ್ ಗಲಾಟೆ

ಶನಿವಾರ, ರಾತ್ರಿ 9:12

ಪುಟ್ಟ ಬೆಂಗಳೂರು: [ಫಾರ್ವರ್ಡ್ ಆದ ಚಿತ್ರ] ಟ್ಯುಲಿಪ್! 1619ರ ಡಾರ್ಟ್ ಮಹಾಸಭೆಯಲ್ಲಿ ಜಾನ್ ಕ್ಯಾಲ್ವಿನ್ ಬರೆದುಕೊಟ್ಟ 5 ಸತ್ಯಗಳು. ಮನುಷ್ಯ ಪೂರ್ತಿ ಕೆಟ್ಟವನು. ಯಾರು ಉಳಿಯಬೇಕು ಅನ್ನುವ ದೇವರ ಆಯ್ಕೆಗೆ ಷರತ್ತಿಲ್ಲ. ಕ್ರಿಸ್ತನು ಸತ್ತದ್ದು ಆರಿಸಿಕೊಂಡವರಿಗಾಗಿ ಮಾತ್ರ. ಕೃಪೆಯನ್ನು ಯಾರೂ ತಡೆಯಲಾರರು. ಆರಿಸಿಕೊಂಡವರು ಕೊನೆಯವರೆಗೂ ಬೀಳುವುದಿಲ್ಲ. ಇದನ್ನು ಒಪ್ಪದವರು ಲೂಥರನ ಮಕ್ಕಳಲ್ಲ. 10 ಜನರಿಗೆ ಕಳಿಸಿ.

ಚಿಕ್ಕಪ್ಪ ಹುಬ್ಬಳ್ಳಿ: 10 ಜನರಿಗೆ ಕಳಿಸದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರಾ?

ಬೀದರ್ ಅತ್ತೆ: ಪುಟ್ಟ, ಈ ಮನೆಯಲ್ಲಿ ಮೆಥಡಿಸ್ಟರೂ ಇದ್ದಾರೆ, ನೆನಪಿದೆಯಾ? ಎಲ್ಲರೂ ರಕ್ಷಣೆ ಹೊಂದಬೇಕು ಅನ್ನುವುದೇ ದೇವರ ಇಷ್ಟ ಅಂತ ಒಂದನೇ ತಿಮೊಥೆ 2:4ರಲ್ಲಿದೆ. ಆ ಹಾಳೆ ಹರಿದು ಹಾಕಲಾ? ಪ್ರೊಟೆಸ್ಟೆಂಟರ ಮೂಲಪುರುಷ ಲೂಥರ್ ಇಂಥ ಮಾತು ಎಲ್ಲಿ ಹೇಳಿದ್ದ ಪಾಪ?

ಪುಟ್ಟ ಬೆಂಗಳೂರು: ಬೇಜಾರು ಮಾಡಿಕೊಳ್ಳಬೇಡಿ ಅತ್ತೆ. ರೋಮಾಪುರದವರಿಗೆ 9ನೇ ಅಧ್ಯಾಯ ಓದಿ. ಯಾಕೋಬ, ಏಸಾವ ಇನ್ನೂ ತಾಯಿ ಹೊಟ್ಟೆಯಲ್ಲಿದ್ದಾಗಲೇ ತೀರ್ಮಾನ ಆಗಿತ್ತು. ಮಣ್ಣು ಕುಂಬಾರನನ್ನು ಪ್ರಶ್ನೆ ಕೇಳುತ್ತದಾ?

ನಾನು: ಮಣ್ಣು ಕೇಳದಿದ್ದರೆ ಬೇಡ, ನಾನು ಕೇಳುತ್ತೇನೆ. ಜಿನೀವಾದ ಪ್ರೊಟೆಸ್ಟೆಂಟ್ ಗುರು ಕ್ಯಾಲ್ವಿನ್ ತೀರಿಕೊಂಡಿದ್ದು 1564ರ ಮೇ ತಿಂಗಳಲ್ಲಿ. ಹಾಲೆಂಡಿನ ಡಾರ್ಟ್ ಊರಿನಲ್ಲಿ ಪಾದ್ರಿಗಳ ಆ ಸಭೆ ಶುರುವಾಗಿದ್ದು 1618ರ ನವೆಂಬರ್‌ನಲ್ಲಿ. ಸತ್ತು 54 ವರ್ಷ ಆದಮೇಲೆ ಎದ್ದು ಬಂದು ಬರೆದುಕೊಟ್ಟನಾ? ಇನ್ನು ಟ್ಯುಲಿಪ್. ಅದು 5 ಇಂಗ್ಲಿಷ್ ಪದಗಳ ಮೊದಲ ಅಕ್ಷರ ಕೂಡಿಸಿದ್ದು, ಬಳಕೆಗೆ ಬಂದಿದ್ದು 20ನೇ ಶತಮಾನದಲ್ಲಿ. ಡಾರ್ಟ್‌ನಲ್ಲಿ ಕೂತವರು ಲ್ಯಾಟಿನ್‌ನಲ್ಲಿ ಮಾತಾಡುತ್ತಿದ್ದರು ಕಣೋ. ಹಾಲೆಂಡ್ ಅಂದ ಕೂಡಲೇ ಹೂವು ನೆನಪಾಗಿ ಯಾರೋ ಪೋಸ್ಟರ್ ಮಾಡಿದ್ದಾರೆ, ಅಷ್ಟೆ.

ಪುಟ್ಟ ಬೆಂಗಳೂರು: ಅಕ್ಕ, ಇಸವಿ ತಪ್ಪಿರಬಹುದು. ವಿಷಯ ತಪ್ಪಾ?

ದೊಡ್ಡಪ್ಪ ಧಾರವಾಡ: ನಿದ್ದೆ ಬಂದಿತ್ತು, ಹಾರಿ ಹೋಯಿತು. ತಂಗಿ, ಲೂಥರ್ ಪಾಪ ಅಂದೆಯಲ್ಲ, ಅಲ್ಲಿ ನೀನು ಸೋತೆ. 1524ರಲ್ಲಿ ಎರಾಸ್ಮಸ್ ಅನ್ನುವ ಪಂಡಿತ ಮನುಷ್ಯನ ಇಚ್ಛೆ ಸ್ವತಂತ್ರ ಅಂತ ಪುಸ್ತಕ ಬರೆದ. ಮುಂದಿನ ವರ್ಷವೇ ಲೂಥರ್ ಇಲ್ಲ, ಅದು ಗುಲಾಮ ಅಂತ ದಪ್ಪ ಉತ್ತರ ಬರೆದ. ನಮ್ಮ ಇಚ್ಛೆ ಸವಾರಿಯ ಪ್ರಾಣಿ ಇದ್ದ ಹಾಗೆ, ಮೇಲೆ ದೇವರು ಕೂತರೆ ದೇವರು ಹೇಳಿದ ಕಡೆ ಹೋಗುತ್ತದೆ, ಸೈತಾನ ಕೂತರೆ ಅವನ ಕಡೆ, ಸವಾರನನ್ನು ಆರಿಸುವ ಹಕ್ಕು ಪ್ರಾಣಿಗಿಲ್ಲ ಅನ್ನುವ ಮಾತು ಅದರಲ್ಲೇ ಇದೆ. ತಾನು ಬರೆದದ್ದರಲ್ಲಿ ಈ ಪುಸ್ತಕ ಮತ್ತು ಮಕ್ಕಳ ಪ್ರಶ್ನೋತ್ತರ ಉಳಿದರೆ ಸಾಕು ಅನ್ನುವ ಅರ್ಥದಲ್ಲಿ 1537ರಲ್ಲಿ ಕಾಗದವನ್ನೂ ಬರೆದ. ಪುಟ್ಟನ ಲೂಥರ್ ನಿಜವಾದ ಲೂಥರನೇ.

ಪುಟ್ಟ ಬೆಂಗಳೂರು: ಥ್ಯಾಂಕ್ಸ್ ದೊಡ್ಡಪ್ಪ 🙏

ದೊಡ್ಡಪ್ಪ ಧಾರವಾಡ: ತಡಿ, ಕುಣಿಯಬೇಡ. ಎರಾಸ್ಮಸ್‌ನ ಆ ಪುಸ್ತಕ ಅಚ್ಚಾಗಿದ್ದು ಎಲ್ಲಿ ಗೊತ್ತಾ? ಬಾಸೆಲ್‌ನಲ್ಲಿ. ಅದೇ ಬಾಸೆಲ್ ಕಣೋ, 1834ರಲ್ಲಿ ಮಂಗಳೂರಿಗೆ ಮಿಷನರಿಗಳನ್ನು ಕಳಿಸಿದ ಊರು, ನಿನ್ನ ಮುತ್ತಜ್ಜನಿಗೆ ಅಕ್ಷರ ಕಲಿಸಿದವರ ಊರು. ಕ್ಯಾಲ್ವಿನ್‌ನ ದೊಡ್ಡ ಪುಸ್ತಕದ ಮೊದಲ ಅಚ್ಚು, 1536ರದ್ದು, ಅದೂ ಬಾಸೆಲ್‌ನದ್ದೇ. ಆ ವರ್ಷವೇ ಎರಾಸ್ಮಸ್ ಅಲ್ಲೇ ಸತ್ತ. ಕೊನೆವರೆಗೂ ಕ್ಯಾಥೊಲಿಕ್ ಆಗಿಯೇ ಉಳಿದವನು, ಆದರೂ ಪ್ರೊಟೆಸ್ಟೆಂಟರ ದೊಡ್ಡ ಚರ್ಚಿನೊಳಗೇ ಮಣ್ಣು ಮಾಡಿದರು. ಕ್ಯಾಲ್ವಿನ್‌ನನ್ನು ಎದುರು ಹಾಕಿಕೊಂಡವರ ಗುರು ಆರ್ಮೀನಿಯಸ್ ಇದ್ದಾನಲ್ಲ, ಅವನೂ ಸ್ವಲ್ಪ ಕಾಲ ಬಾಸೆಲ್‌ನಲ್ಲಿ ಓದಿದ. ಡಾಕ್ಟರೇಟ್ ಕೊಡುತ್ತೇವೆ ಅಂದರೆ, ಇನ್ನೂ ಚಿಕ್ಕ ವಯಸ್ಸು ಬೇಡ ಅಂದ. ಎರಡೂ ಕಡೆಯವರು ಉಂಡು ಹೋದ ಮನೆ ನಮ್ಮದು.

ಚಿಕ್ಕಪ್ಪ ಹುಬ್ಬಳ್ಳಿ: ಅಣ್ಣ, ಅರ್ಧ ಗಂಟೆಯಿಂದ ಟೈಪ್ ಮಾಡುತ್ತಿದ್ದದ್ದು ಇದನ್ನಾ 😀

ಬೀದರ್ ಅತ್ತೆ: ಅಣ್ಣ, ಲೂಥರ್ ವಿಷಯ ಒಪ್ಪಿದೆ. ಆದರೆ ಬಾಸೆಲ್‌ನವರು ಪುಟ್ಟನ ಕಡೆ ಇದ್ದರಾ?

ದೊಡ್ಡಪ್ಪ ಧಾರವಾಡ: ಪೂರ್ತಿ ಇಲ್ಲ. 1551ರಲ್ಲಿ ಜಿನೀವಾದಲ್ಲಿ ಬೋಲ್ಸೆಕ್ ಅಂತ ಒಬ್ಬ ವೈದ್ಯ. ಹಿಂದೆ ಸನ್ಯಾಸಿ ಆಗಿದ್ದವನು. ಪಾದ್ರಿಗಳ ಕೂಟದಲ್ಲಿ ಎದ್ದು ನಿಂತು, ನೀವು ಹೇಳುವ ಆಯ್ಕೆ ನಿಜವಾದರೆ ಪಾಪಕ್ಕೆ ದೇವರೇ ಕಾರಣ ಆಗುತ್ತಾನಲ್ಲ ಅಂದ. ಕ್ಯಾಲ್ವಿನ್ ತಡವಾಗಿ ಬಂದು ಹಿಂದೆ ಕೂತಿದ್ದು ಅವನಿಗೆ ಗೊತ್ತಿರಲಿಲ್ಲ. ಕ್ಯಾಲ್ವಿನ್ ಎದ್ದವನೇ ಒಂದು ತಾಸು ಉತ್ತರ ಕೊಟ್ಟ. ಬೋಲ್ಸೆಕ್ ಜೈಲಿಗೆ ಹೋದ. ಆಮೇಲೆ ಜಿನೀವಾದವರು ಜೂರಿಕ್, ಬರ್ನ್, ಬಾಸೆಲ್ ಸಭೆಗಳಿಗೆ ಕಾಗದ ಬರೆದು ಅಭಿಪ್ರಾಯ ಕೇಳಿದರು. ಮೂರೂ ಕಡೆಯಿಂದ ಬಂದದ್ದು ಕ್ಯಾಲ್ವಿನ್ ಕಾದಿದ್ದಷ್ಟು ಬಿಸಿ ಇರಲಿಲ್ಲ. ಉಗುರುಬೆಚ್ಚಗೆ. ಕೊನೆಗೆ ಡಿಸೆಂಬರ್‌ನಲ್ಲಿ ಬೋಲ್ಸೆಕ್‌ನನ್ನು ಊರು ಬಿಟ್ಟು ಓಡಿಸಿದರು.

ಪುಟ್ಟ ಬೆಂಗಳೂರು: ಅದೇ ಬೋಲ್ಸೆಕ್ ಆಮೇಲೆ ಕ್ಯಾಥೊಲಿಕ್ ಸಭೆಗೆ ವಾಪಸ್ ಹೋಗಿ, 1577ರಲ್ಲಿ ಕ್ಯಾಲ್ವಿನ್ ಬಗ್ಗೆ ಕೊಳಕು ಜೀವನಚರಿತ್ರೆ ಬರೆದ. ಅದನ್ನೂ ಹೇಳಬೇಕಲ್ವಾ ದೊಡ್ಡಪ್ಪ.

ದೊಡ್ಡಪ್ಪ ಧಾರವಾಡ: ಹೇಳಬೇಕು. ಬರೆದ.

ನಾನು: ನಾನು ಡಾರ್ಟ್‌ಗೇ ವಾಪಸ್ ಬರುತ್ತೇನೆ, ಪೋಸ್ಟರ್ ಅದರದ್ದು. ಪುಟ್ಟ, ಅಲ್ಲಿ 5 ಯಾಕೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀಯಾ? ಆರ್ಮೀನಿಯಸ್ ಸತ್ತಿದ್ದು 1609ರಲ್ಲಿ. 1610ರಲ್ಲಿ ಅವನ ಕಡೆಯ 40ಕ್ಕೂ ಹೆಚ್ಚು ಪಾದ್ರಿಗಳು ಸೇರಿ ಸರ್ಕಾರಕ್ಕೆ ಒಂದು ಅರ್ಜಿ ಕೊಟ್ಟರು. ಅದರಲ್ಲಿ 5 ಅಂಶ ಇತ್ತು. ನಂಬುತ್ತಾರೆ ಅಂತ ಮೊದಲೇ ಕಂಡವರನ್ನು ದೇವರು ಆರಿಸಿದ, ಕ್ರಿಸ್ತನು ಎಲ್ಲರಿಗಾಗಿ ಸತ್ತ, ಕೃಪೆಯನ್ನು ಮನುಷ್ಯ ಬೇಡ ಅನ್ನಬಹುದು, ಹೀಗೆ. ಆ 5ಕ್ಕೆ ಡಾರ್ಟ್ ಕೊಟ್ಟ ಉತ್ತರ ಇದು. ಅದರಲ್ಲೂ 3ನೆಯದು ಮತ್ತು 4ನೆಯದನ್ನು ಸೇರಿಸಿ ಒಂದೇ ಅಧ್ಯಾಯ ಮಾಡಿದ್ದಾರೆ. ಅಂದರೆ ಪ್ರಶ್ನೆಪತ್ರಿಕೆ ಆರ್ಮೀನಿಯಸ್ ಕಡೆಯವರದ್ದು, ಇದು ಬರೀ ಉತ್ತರಪತ್ರಿಕೆ. ಇದನ್ನೇ ಇಡೀ ನಂಬಿಕೆಯ ಸಾರ ಅಂತ ಹೂವು ಮಾಡಿ ಹಂಚುತ್ತಿದ್ದೀರಲ್ಲ.

ನಾನು: ಇನ್ನೊಂದು. ಸಭೆ ಅಂದರೆ ಎರಡು ಕಡೆಯವರೂ ಸಮನಾಗಿ ಕೂತಿದ್ದರು ಅಂದುಕೊಳ್ಳಬೇಡ. ಆರ್ಮೀನಿಯಸ್ ಕಡೆಯ ಮುಖಂಡ ಎಪಿಸ್ಕೋಪಿಯಸ್ ಮತ್ತು ಅವನ ಜೊತೆಯವರನ್ನು ಆರೋಪಿಗಳ ಹಾಗೆ ಕರೆಸಿದರು. ಜನವರಿಯಲ್ಲಿ ಅಧ್ಯಕ್ಷ ಬೋಗರ್ಮನ್ ಸಿಟ್ಟಿನಿಂದ ಕೂಗಾಡಿ ಹೊರಗೆ ಕಳಿಸಿದ. ಮಿಕ್ಕಿದ್ದೆಲ್ಲ ಅವರಿಲ್ಲದೆ ನಡೆದದ್ದು. ಹೊರದೇಶದ ಪ್ರತಿನಿಧಿಗಳು ಕೂತಿದ್ದ ಕೊನೆಯ ಕೂಟ ಮೇ 9. ಮೇ 13ಕ್ಕೆ ಹೇಗ್‌ನಲ್ಲಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆ ಕಡಿದರು. 71 ವರ್ಷದ ಮುದುಕ, ದೇಶ ಕಟ್ಟಿದವನು, ಆರ್ಮೀನಿಯಸ್ ಕಡೆಯವರಿಗೆ ಆಸರೆಯಾಗಿದ್ದವನು. 200ರಷ್ಟು ಪಾದ್ರಿಗಳ ಕೆಲಸ ಹೋಯಿತು. ದೇವರು ಮೊದಲೇ ತೀರ್ಮಾನ ಮಾಡಿದ್ದನೋ ಏನೋ, ಓಲ್ಡನ್‌ಬಾರ್ನೆವೆಲ್ಟ್‌ನ ಎದುರಾಳಿ, ಸೇನೆಯ ಮುಖ್ಯಸ್ಥ ಮಾರಿಸ್ ರಾಜಕುಮಾರ ಮಾತ್ರ ಮೊದಲೇ ಮಾಡಿದ್ದ.

ಚಿಕ್ಕಪ್ಪ ಹುಬ್ಬಳ್ಳಿ: ಪುಸ್ತಕದ ಪೆಟ್ಟಿಗೆಯಲ್ಲಿ ಕೂತು ಜೈಲಿನಿಂದ ತಪ್ಪಿಸಿಕೊಂಡವನು ಇದೇ ಗಲಾಟೆಯವನಾ?

ನಾನು: ಹೌದು ಚಿಕ್ಕಪ್ಪ, ಓಲ್ಡನ್‌ಬಾರ್ನೆವೆಲ್ಟ್ ಕಡೆಯ ವಕೀಲ ಗ್ರೋಷಿಯಸ್. 1621ರಲ್ಲಿ. ಉಪಾಯ ಹೆಂಡತಿಯದ್ದು. ಓದಲು ಪುಸ್ತಕ ತರಿಸುತ್ತಿದ್ದ ಪೆಟ್ಟಿಗೆ, ಕಾವಲಿನವರು ದಿನ ಕಳೆದಂತೆ ತೆರೆದು ನೋಡುವುದನ್ನೇ ಬಿಟ್ಟಿದ್ದರು.

ಪುಟ್ಟ ಬೆಂಗಳೂರು: ಅಕ್ಕ, ಒಂದೇ ಕಡೆ ಹೇಳಿದರೆ ಹೇಗೆ? ಸೈನ್ಯದ ಆಟ ಮೊದಲು ಶುರು ಮಾಡಿದ್ದು ಅದೇ ಓಲ್ಡನ್‌ಬಾರ್ನೆವೆಲ್ಟ್. 1617ರಲ್ಲಿ ಊರೂರಿಗೆ ಬಾಡಿಗೆ ಸಿಪಾಯಿಗಳನ್ನು ಇಟ್ಟುಕೊಳ್ಳಲು ಅನುಮತಿ ಕೊಡಿಸಿದ್ದು ಅವನೇ. ಸ್ಪೇನ್ ಜೊತೆ 12 ವರ್ಷದ ಕದನವಿರಾಮ ಮುಗಿಯುತ್ತ ಬಂದಿತ್ತು, ಜನರಿಗೆ ಭಯ ಇತ್ತು. ತಲೆ ಕಡಿದದ್ದು ತಪ್ಪು, ನಾನೂ ಒಪ್ಪುತ್ತೇನೆ. ಆದರೆ ಕಡಿದದ್ದು ರಾಜ್ಯದ್ರೋಹ ಅಂತ. ಸಭೆ ಕೊಟ್ಟ ಶಿಕ್ಷೆ ಅಲ್ಲ ಅದು. ಗೆದ್ದವರು ಕೆಟ್ಟದಾಗಿ ನಡೆದುಕೊಂಡರೆ ಅವರ ಮಾತು ಸುಳ್ಳಾಗುತ್ತದಾ?

ನಾನು: ಆಗುವುದಿಲ್ಲ. ಆದರೆ "ಇದನ್ನು ಒಪ್ಪದವರು ಲೂಥರನ ಮಕ್ಕಳಲ್ಲ", ಅಂದರೆ ಪ್ರೊಟೆಸ್ಟೆಂಟರೇ ಅಲ್ಲ ಅನ್ನುವ ಮಾತು ಹುಟ್ಟಿದ್ದು ಆ ಗೆಲುವಿನಿಂದ. ನನ್ನ ತಕರಾರು ನಿನ್ನ ಪೋಸ್ಟರಿನ ಆ ಒಂದು ಸಾಲಿನ ಮೇಲೆ. ಆರ್ಮೀನಿಯಸ್ ಓದಿದ್ದು ಜಿನೀವಾದಲ್ಲಿ, ಕ್ಯಾಲ್ವಿನ್ ಜಾಗಕ್ಕೆ ಬಂದ ಬೀಜಾನ ಹತ್ತಿರ. ಸಾಯುವಾಗ ಲೈಡನ್‌ನಲ್ಲಿ ಕ್ಯಾಲ್ವಿನ್ ಹಾದಿಯ ರಿಫಾರ್ಮ್ಡ್ ಸಭೆಯ ಪ್ರೊಫೆಸರ್. 1575ರಲ್ಲಿ ಅವನ ಊರು ಔಡೆವಾಟರ್‌ನಲ್ಲಿ ಸ್ಪೇನ್ ಸಿಪಾಯಿಗಳು ಅವನ ತಾಯಿ, ಒಡಹುಟ್ಟಿದವರನ್ನೆಲ್ಲ ಕೊಂದು ಹಾಕಿದ್ದರು. ಪ್ರೊಟೆಸ್ಟೆಂಟ್ ಆಗುವುದರ ಬೆಲೆ ಅವನಿಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳಬೇಡಿ.

ಬೀದರ್ ಅತ್ತೆ: ಸರಿಯಾಗಿ ಹೇಳಿದೆ ಮಗಳೇ. ಮೆಥಡಿಸ್ಟ್ ಪಂಥ ಶುರು ಮಾಡಿದ ನಮ್ಮ ವೆಸ್ಲಿ ಅಂತೂ ಇಂಗ್ಲೆಂಡ್ ಸಭೆಯ 39 ವಿಧಿಗಳನ್ನು 1784ರಲ್ಲಿ ಅಮೆರಿಕಕ್ಕೆ ಕಳಿಸುವಾಗ ಈ ಆಯ್ಕೆಯ 17ನೇ ವಿಧಿಯನ್ನೇ ತೆಗೆದು ಹಾಕಿದರು. ಬೀದರ್‌ಗೆ ಬಂದದ್ದು ಅದೇ ಅಮೆರಿಕದ ಮೆಥಡಿಸ್ಟರು.

ದೊಡ್ಡಪ್ಪ ಧಾರವಾಡ: ಮಜಾ ಏನೆಂದರೆ, 1947ರಲ್ಲಿ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, ಆದಾಗ 17ನೇ ವಿಧಿ ಇಟ್ಟುಕೊಂಡ ಆಂಗ್ಲಿಕನ್ನರು, ಅದನ್ನು ಬಿಟ್ಟ ವೆಸ್ಲಿ ಕಡೆಯವರು, ಕ್ಯಾಲ್ವಿನ್ ವಂಶದ ಪ್ರೆಸ್ಬಿಟೇರಿಯನ್ನರು ಎಲ್ಲ ಒಂದೇ ಸಭೆ ಆದರು. ನಮ್ಮ ಬಾಸೆಲ್‌ನವರೂ ಅದೇ ಚಪ್ಪರದ ಕೆಳಗೆ ಬಂದರು. ನಮ್ಮ ಅಯ್ಯನವರು ಯಾರಾದರೂ ಈ ವಿಷಯ ತೆಗೆದು ಪ್ರಸಂಗ ಮಾಡಿದ್ದು ನನಗೆ ನೆನಪಿಲ್ಲ. ಜಾಣತನ.

ಪುಟ್ಟ ಬೆಂಗಳೂರು: ಜಾಣತನ ಅಲ್ಲ ದೊಡ್ಡಪ್ಪ, ತಪ್ಪಿಸಿಕೊಳ್ಳುವುದು. ಮತ್ತೆ ಅತ್ತೆ, ವೆಸ್ಲಿ ಬಗ್ಗೆ ಹೇಳಲಾ? 1739ರಲ್ಲಿ ಆಯ್ಕೆಯ ವಿರುದ್ಧ ಆ ಪ್ರಸಂಗ ಮಾಡಬೇಕಾ, ಅಚ್ಚು ಹಾಕಬೇಕಾ ಅಂತ ಅವರು ಚೀಟಿ ಎತ್ತಿದರು! ಚೀಟಿಯಲ್ಲಿ ಬಂತು, ಮಾಡಿದರು. ಆಯ್ಕೆಯನ್ನು ನಂಬಿದ್ದ ಅವರ ಗೆಳೆಯ ವೈಟ್‌ಫೀಲ್ಡ್ ಅದನ್ನು ಪತ್ರದಲ್ಲಿ ಎತ್ತಿ ಆಡಿದ. 1770ರಲ್ಲಿ ಇನ್ನೂ ಚೆನ್ನಾಗಿದೆ. ಕ್ಯಾಲ್ವಿನ್ ಕಡೆಯ ಪಾದ್ರಿ ಟಾಪ್ಲೇಡಿ ಅನುವಾದ ಮಾಡಿದ ಪುಸ್ತಕವನ್ನು ವೆಸ್ಲಿ ಕತ್ತರಿಸಿ ಚಿಕ್ಕ ಕರಪತ್ರ ಮಾಡಿದರು. ಕೊನೆಗೆ 20ರಲ್ಲಿ ಒಬ್ಬ ಏನು ಮಾಡಿದರೂ ಉಳಿಯುತ್ತಾನೆ, 19 ಜನ ಏನು ಮಾಡಿದರೂ ನರಕ, ನಂಬದಿದ್ದರೆ ನೀನೂ ಅಲ್ಲಿಗೇ ಅಂತ ತಮ್ಮದೇ ಸಾಲು ಸೇರಿಸಿ, ಕೆಳಗೆ ಟಾಪ್ಲೇಡಿಯ ಹೆಸರಿನ ಮೊದಲ ಅಕ್ಷರ ಹಾಕಿದರು. ಟಾಪ್ಲೇಡಿ ಬರೆಯದೇ ಇದ್ದದ್ದು ಅದು. ನನ್ನ ಫಾರ್ವರ್ಡ್‌ಗೆ ಬೈಯುತ್ತೀರಲ್ಲ, ಇದು ಯಾವ ಫಾರ್ವರ್ಡ್?

ಚಿಕ್ಕಪ್ಪ ಹುಬ್ಬಳ್ಳಿ: ಅಕ್ಕ, ಉತ್ತರ ಕೊಡು. ಬೀದರ್‌ನಲ್ಲಿ ನೆಟ್‌ವರ್ಕ್ ಇಲ್ಲ ಅನ್ನಬೇಡ.

ಬೀದರ್ ಅತ್ತೆ: ಅದು ತಪ್ಪು. ಬೇರೆಯವರ ಹೆಸರು ಹಾಕಬಾರದಿತ್ತು. ಆದರೆ ವೈಟ್‌ಫೀಲ್ಡ್ 1770ರಲ್ಲಿ ಸತ್ತಾಗ ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗ ಮಾಡಿದ್ದೂ ವೆಸ್ಲಿಯೇ. ವೈಟ್‌ಫೀಲ್ಡ್ ಬಯಸಿದ್ದೇ ಹಾಗೆ. ಆ ಟಾಪ್ಲೇಡಿ ಬರೆದ "ರಾಕ್ ಆಫ್ ಏಜಸ್" ನಾವೂ ಹಾಡುತ್ತೇವೆ, ನಿನ್ನ ಸಭೆಯವರು ವೆಸ್ಲಿಯ ತಮ್ಮನ ಹಾಡು ಹಾಡುವುದಿಲ್ಲವಾ?

ಪುಟ್ಟ ಬೆಂಗಳೂರು: ಹಾಡುತ್ತೇವೆ. ಕ್ರಿಸ್ಮಸ್‌ಗೆ ಅವರದ್ದೇ ಜಾಸ್ತಿ.

ಬೀದರ್ ಅತ್ತೆ: ನನ್ನ ಪ್ರಶ್ನೆ ಬೇರೆ. ಎಲ್ಲ ಮೊದಲೇ ಆರಿಸಿ ಆಗಿದ್ದರೆ ಬಾಸೆಲ್‌ನವರು ಹಡಗು ಹತ್ತಿ ಇಲ್ಲಿಗೆ ಯಾಕೆ ಬರಬೇಕಿತ್ತು?

ಪುಟ್ಟ ಬೆಂಗಳೂರು: ಯಾರನ್ನು ಆರಿಸಿದ್ದಾನೆ ಅಂತ ನಮಗೆ ಗೊತ್ತಿಲ್ಲವಲ್ಲ ಅತ್ತೆ, ಅದಕ್ಕೇ ಎಲ್ಲರಿಗೂ ಹೇಳಬೇಕು. 1793ರಲ್ಲಿ ಬಂಗಾಳಕ್ಕೆ ಬಂದ ಮಿಷನರಿ ಕೇರಿ ಕ್ಯಾಲ್ವಿನ್ ಕಡೆಯವನೇ. ಬಯಲಿನಲ್ಲಿ ನಿಂತು ಸಾವಿರಾರು ಜನಕ್ಕೆ ಸಾರಿದ ವೈಟ್‌ಫೀಲ್ಡ್ ಕೂಡ. ನಂಬಿಕೆ ನನ್ನ ಸಾಮರ್ಥ್ಯ ಅಂದುಕೊಂಡಿದ್ದಾಗ ನನಗೆ ದಿನಾ ಭಯ ಇತ್ತು, ನಾಳೆ ನಂಬಿಕೆ ಹೋದರೆ ಏನು ಗತಿ ಅಂತ. ಹಿಡಿದಿರುವುದು ನಾನಲ್ಲ, ಆತನು ಅಂತ ತಿಳಿದಮೇಲೆ ನಿದ್ದೆ ಬಂತು. ಪೋಸ್ಟರ್ ಹಾಕಿದ್ದು ಅದಕ್ಕೆ. ನಿಮ್ಮನ್ನು ಚುಚ್ಚಲು ಅಲ್ಲ.

ದೊಡ್ಡಪ್ಪ ಧಾರವಾಡ: ಇದನ್ನು ಮೊದಲೇ ಬರೆದಿದ್ದರೆ ಯಾರೂ ಜಗಳ ಆಡುತ್ತಿರಲಿಲ್ಲ. ಆದರೂ ಒಂದು ನೆನಪಿಡು. ಕೆಲವರನ್ನು ನಾಶಕ್ಕೆ ನೇಮಿಸಿದ ಆ ತೀರ್ಮಾನ ಭಯಂಕರ ಅಂತ ಕ್ಯಾಲ್ವಿನ್ನೇ ಬರೆದಿದ್ದಾನೆ. ಅವನು ಸಂತೋಷದಿಂದ ಹಂಚಿದ್ದಲ್ಲ ಅದು.

ರಾತ್ರಿ 11:40

ಬೀದರ್ ಅತ್ತೆ: ಪುಟ್ಟ, ಎಚ್ಚರ ಇದ್ದೀಯಾ. ಡಾರ್ಟ್‌ನವರು ಮಕ್ಕಳ ಬಗ್ಗೆ ಏನಾದರೂ ಹೇಳಿದ್ದಾರಾ? ನಂಬಲೂ ಆಗದ, ಬೇಡ ಅನ್ನಲೂ ಆಗದ ಮಕ್ಕಳು. ಬೀದರ್‌ಗೆ ಬಂದ ಎರಡನೇ ವರ್ಷ ನನಗೆ ಆದದ್ದು ನಿನಗೆ ಗೊತ್ತಿರಲಿಕ್ಕಿಲ್ಲ, ನಿನ್ನ ಅಪ್ಪನಿಗೆ ಗೊತ್ತು. 4 ದಿನ ಇದ್ದ. ದೀಕ್ಷಾಸ್ನಾನ ಕೊಡಿಸಲೂ ಆಗಲಿಲ್ಲ.

ಪುಟ್ಟ ಬೆಂಗಳೂರು: ಗೊತ್ತಿರಲಿಲ್ಲ ಅತ್ತೆ.

ಪುಟ್ಟ ಬೆಂಗಳೂರು: ಹೇಳಿದ್ದಾರೆ. ಮೊದಲ ಅಧ್ಯಾಯದ 17ನೇ ಕಲಮು. ದೇವರು ಶೈಶವದಲ್ಲೇ ಕರೆದುಕೊಂಡ ತಮ್ಮ ಮಕ್ಕಳು ಆರಿಸಲ್ಪಟ್ಟವರು, ರಕ್ಷಣೆ ಹೊಂದಿದವರು ಅನ್ನುವುದರಲ್ಲಿ ದೇವರಿಗೆ ಭಯಪಡುವ ತಂದೆತಾಯಿ ಸಂಶಯ ಪಡಬಾರದು ಅಂತ. ಇಡೀ ಬರಹದ ಕೊನೆಯಲ್ಲಿ ಇನ್ನೊಂದು ಮಾತೂ ಇದೆ. ನಂಬುವವರ ಮಕ್ಕಳನ್ನು ತಾಯಿಯ ಎದೆಯಿಂದ ಕಿತ್ತು ನರಕಕ್ಕೆ ಎಸೆಯುವ ದೇವರನ್ನು ನಾವು ಬೋಧಿಸುತ್ತೇವೆ ಅಂತ ಹೇಳುವವರು ನಮ್ಮ ಮೇಲೆ ಸುಳ್ಳು ಹೊರಿಸುತ್ತಿದ್ದಾರೆ ಅಂತ.

ಬೀದರ್ ಅತ್ತೆ: 1619ರ ಗಂಡಸರು ಇದನ್ನು ಬರೆದರಾ. ಅಷ್ಟು ಜಗಳದ ಮಧ್ಯೆ.

ಬೀದರ್ ಅತ್ತೆ: ಆದರೆ ದೇವರಿಗೆ ಭಯಪಡುವ ತಂದೆತಾಯಿ ಅಂತ ಇದೆಯಲ್ಲ. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದವಳ ಮಗುವೂ ಅದೇ ರಾತ್ರಿ ಹೋಯಿತು. ಅವಳು ನಮ್ಮ ಸಭೆಯವಳಲ್ಲ. ಹಳ್ಳಿಯವಳು, ಬೆಳಗ್ಗೆವರೆಗೆ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಮಗುವಿಗೆ ಏನು ಬರೆದಿದ್ದಾರೆ?

ಪುಟ್ಟ ಬೆಂಗಳೂರು: ಏನೂ ಬರೆದಿಲ್ಲ ಅತ್ತೆ. ಆ ಕಲಮಿನಲ್ಲಿ ಇರುವುದು ಅಷ್ಟೇ.

ಬೀದರ್ ಅತ್ತೆ: ಹೂಂ.

ರಾತ್ರಿ 11:58

ಈ ಸಂದೇಶವನ್ನು ಅಳಿಸಲಾಗಿದೆ

ನಾನು: ಪೋಸ್ಟರ್ ತೆಗೆದೆಯಾ ಪುಟ್ಟ?

ಪುಟ್ಟ ಬೆಂಗಳೂರು: ಇಸವಿ ತಪ್ಪಿತ್ತಲ್ಲ ಅಕ್ಕ. ಅತ್ತೆ, ಆ 17ನೇ ಕಲಮು ಪೂರ್ತಿ ಕನ್ನಡದಲ್ಲಿ ಟೈಪ್ ಮಾಡಿ ನಿಮಗೆ ಬೇರೆಯಾಗಿ ಕಳಿಸಲಾ?

ಬೀದರ್ ಅತ್ತೆ: ಕಳಿಸು. ಅಕ್ಷರ ಸ್ವಲ್ಪ ದೊಡ್ಡದು ಮಾಡು, ಕನ್ನಡಕ ಮುರಿದಿದೆ.